ತಂಬೂರಿಯ ಜೀವಾಳ

ಸುಬ್ಬಕೃಷ್ಣರು ತಾವೇ ಕಟ್ಟಿದ ವಾಲ್ವ್ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರನ್ನು ಮತ್ತೆ ಕಿತ್ತು ಬೇರೆಯದನ್ನು ಬೆಸೆದರು. ವಾಲ್ವುಗಳು ಕೆಂಪಗೆ ಕಾದವು. ತಂಬೂರಿಯ ಹಳೆಯ ರೆಕಾರ್ಡು ತಿರುಗಿತು. ಶ್ರುತಿ ಶುದ್ಧವಾಗಿತ್ತು, ಸತ್ತಂತಿತ್ತು. ತಂತಿಯ ಕೆಳಗೆ ನೂಲಿಟ್ಟಾಗ ಏಳುವ ಝೇಂಕಾರ, ಆ ಜೀವಾಳ, ಈ ಸಲವೂ ಇಲ್ಲ.

"ದರಿದ್ರ ಟ್ರಾನ್ಸ್‌ಫಾರ್ಮರ್," ಎಂದು ಗೊಣಗಿದರು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಪದ್ಮಾವತಿ ತಲೆಯೆತ್ತಲಿಲ್ಲ. ಕಿವಿಮಣಿ ಗೊಣಗಾಟವನ್ನು ಸೋಸಿ ತೆಗೆದಿತ್ತು. ಎಲ್ಲರ ಮಣಿಯೂ ಹಾಗೆಯೇ. ಲಾರಿಯ ಹಾರ್ನ್, ಕುಕ್ಕರಿನ ಸೀಟಿ, ಒರಟಾದ ಯಾವುದನ್ನೂ ಒಳಗೆ ಬಿಡದು. ಒಮ್ಮೆ ಹಾಕಿದರೆ ಮೂಳೆಗೆ ಕೂಡಿಕೊಳ್ಳುತ್ತದೆ, ತೆಗೆಯಲಾಗದು.

ತೊಟ್ಟಿಲಲ್ಲಿದ್ದ, ಇನ್ನೂ ಮಣಿ ಹಾಕದ ಮೊಮ್ಮಗಳು ಮಾತ್ರ ಕಾಲು ಬಡಿಯುವುದನ್ನು ನಿಲ್ಲಿಸಿ ಸ್ಪೀಕರಿನತ್ತ ಕಣ್ಣರಳಿಸಿದ್ದಳು. ಅದನ್ನು ಕಂಡ ಪದ್ಮಾವತಿ ಎದ್ದು ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟರು.

"ಕೈಗೆ ಜುಮ್ ಅಂತಿದೆ. ಜೀವಾಳ ಇದೆ ಕಣ್ರೀ. ನಮ್ ಮಣೀನೇ ತಿಂದ್ಹಾಕ್ತಿದೆ."

ಸುಬ್ಬಕೃಷ್ಣರು ಕಿವಿ ಮುಟ್ಟಿಕೊಂಡರು. ಕಿತ್ತೆಸೆದ ಟ್ರಾನ್ಸ್‌ಫಾರ್ಮರುಗಳೆಲ್ಲ ಸರಿಯಾಗಿಯೇ ಇದ್ದವು.

ಅಷ್ಟರಲ್ಲಿ ಸೊಸೆ ಚಂದನಾ ಬಂದಳು. "ಮಾವ, ನಾಳೆ ಪಾಪೂಗೆ ಕಿವಿ ಚುಚ್ಚೋ ಶಾಸ್ತ್ರ. ಮಣಿ ಹಾಕೋರು ಬೆಳಿಗ್ಗೇನೇ ಬರ್ತಾರಂತೆ."

"ಬೇಡಮ್ಮ. ಅವಳಿಗೆ ಮಣಿ ಬೇಡ." ಸಿಟ್ಟಿಗೆ ದನಿ ಒರಟಾಗಿತ್ತು.

ಚಂದನಾ ನಕ್ಕಳು. "ಏನಂದ್ರಿ ಮಾವ? ಬರೀ ತುಟಿ ಆಡ್ತು."

ಅವರು ಮೇಜು ಗುದ್ದಿ, ಇದ್ದಷ್ಟೂ ಶಕ್ತಿ ಹಾಕಿ ಅದನ್ನೇ ಕೂಗಿದರು.

ಬೆಚ್ಚಿದ್ದು ಮಗು ಒಂದೇ.