ಕೌಂಟರಿನ ಮಾದರಿ ಅರ್ಜಿ

"ಹಿಂಗೆ ಅರ್ಧಂಬರ್ಧ ತುಂಬಿದ್ರೆ ಸಮಿತಿಯೋರು ಮೂಸಿಯೂ ನೋಡಲ್ಲ, ಮೇಡಂ. ಇದನ್ನ ನೋಡ್ಕೊಂಡು ಬರೀರಿ," ಎಂದು ಗುಮಾಸ್ತ ಪ್ಲಾಸ್ಟಿಕ್ ಹೊದಿಸಿದ ಮಾದರಿ ಅರ್ಜಿಯನ್ನು ಕಿಂಡಿಯಿಂದ ಈಚೆ ತಳ್ಳಿದ. ಪ್ರಾಯೋಗಿಕ ಚಿತ್ರಗಳಿಗೆ ಸರ್ಕಾರ ಕೊಡುವ ಸಹಾಯಧನದ ಅರ್ಜಿ ಅದು. ಹೆಸರಿನ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದರು. ಆದರೂ ಬಾಲ ಬಿಟ್ಟ ಆ ಅಕ್ಷರಗಳನ್ನು ಕಂಡದ್ದೇ, ಅರ್ಜಿ ಹಾಕಲು ಬಂದಿದ್ದ ನಿರ್ದೇಶಕಿಗೆ ಗುರುತು ಸಿಕ್ಕಿತು. ಇಪ್ಪತ್ತಾರು ವರ್ಷದ ಹಿಂದೆ, ಅಡುಗೆಮನೆಯ ಮೇಜಿನ ಬಳಿ ಅಮ್ಮನ ಎದುರು ಕೂತು ತಾನೇ ಬರೆದದ್ದು.

'ಚಿತ್ರದಲ್ಲಿ ಏನು ನಡೆಯುತ್ತದೆ?' ಎಂಬ ಕಾಲಂನಲ್ಲಿ ಹೀಗಿತ್ತು: 'ನನ್ನ ಅಮ್ಮ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲು ನೋಡುತ್ತಾಳೆ. ಹನ್ನೊಂದು ನಿಮಿಷ. ಅಷ್ಟೇ.' ಅಂದು ಅದನ್ನು ಓದಿ ಅಮ್ಮ, "ಇದನ್ನ ನೋಡೋಕೆ ಯಾರಿಗೆ ತಲೆ ಕೆಟ್ಟಿದೆ ಕಣೇ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆ ನಗು ನಿಂತೇ ಒಂಬತ್ತು ವರ್ಷವಾಗಿತ್ತು.

"ಇವರಿಗೆ ದುಡ್ಡು ಸಿಕ್ತಾ?" ನಿರ್ದೇಶಕಿ ಏನೂ ತಿಳಿಯದವಳಂತೆ ಕೇಳಿದಳು.

"ಎಲ್ಲಿಂದ! ಕಥೆಯೇ ಇಲ್ಲ ಅಂತ ತಿರಸ್ಕರಿಸಿದ್ರು. ಆದ್ರೆ ಅರ್ಜಿ ಅಂದ್ರೆ ಇದು, ಒಂದು ಕಾಲಂ ಖಾಲಿ ಬಿಟ್ಟಿಲ್ಲ." ಗುಮಾಸ್ತ ದನಿ ತಗ್ಗಿಸಿದ. "ನಾನು ದಿನಾ ಓದ್ತೀನಿ. ಆ ತಾಯಿ ಕೊನೆಗೂ ದಾರ ಪೋಣಿಸಿದ್ರೋ ಇಲ್ವೋ, ಅದೊಂದೇ ಗೊತ್ತಾಗಲ್ಲ."

ಅವಳು ಪ್ಲಾಸ್ಟಿಕ್ಕಿನ ಮೇಲೆ ಮೆಲ್ಲಗೆ ಕೈ ಸವರಿದಳು. "ಪೋಣಿಸಿದ್ಳು ನಮ್ಮಮ್ಮ. ಅರ್ಜಿ ತಿರಸ್ಕಾರ ಆಯ್ತು ಅಂತ ಕಾಗದ ಬಂದ ದಿನ ನನ್ನ ಅಂಗಿ ಗುಂಡಿ ಹೊಲಿಯೋಕೆ ಕೂತು, ಮೊದಲನೇ ಸಲಕ್ಕೇ ಪೋಣಿಸಿಬಿಟ್ಳು. ಕ್ಯಾಮೆರಾ ಇರಲಿಲ್ಲ ನೋಡಿ."