ಎಂ. ವಿಲ್ಸನ್, ಬಸ್ತಿಹಳ್ಳಿ

"ನೋಡಿ ಮಿಸ್ಟರ್ ವಿಲ್ಸನ್, ಕನ್ನಡ ಬರದಿದ್ದರೆ ಈಗಲೇ ಹೇಳಿಬಿಡಿ. ಇಬ್ಬರ ಟೈಮೂ ಉಳಿಯುತ್ತೆ."

ಪ್ರಭಾರ ತಹಸೀಲ್ದಾರ್ ಉಮಾಶಂಕರ್ ಕನ್ನಡಕದ ಮೇಲಿಂದ ನೋಡಿದರು. ಎದುರಿಗೆ ಮಾರ್ಟಿನ್ ವಿಲ್ಸನ್ ಕೂತಿದ್ದ. ಹಾಲಿನಂಥ ಬಿಳಿ ಬಣ್ಣ, ಬೆಕ್ಕಿನ ಕಣ್ಣು, ಬಿಸಿಲಿಗೆ ಕೆಂಪಾದ ಮೂಗು. ಹಳೇಬೀಡಿನ ಗುಡಿಯಲ್ಲಿ ಪ್ರವಾಸಿಗರಿಗೆ ಶಿಲ್ಪ ತೋರಿಸುವ ಕೆಲಸ. ಪಕ್ಕದಲ್ಲಿ ಹೆಂಡತಿ ಮಾಲಿನಿ. ಎಣ್ಣೆಗಪ್ಪು ಮೈಬಣ್ಣ, ಹಣೆಯಲ್ಲಿ ಪುಟ್ಟ ಬೊಟ್ಟು, ಮುಡಿಯಲ್ಲಿ ಕನಕಾಂಬರ.

ಮಾಲಿನಿ ಏನೋ ಹೇಳಲು ಬಾಯಿ ತೆರೆದಳು. ಮೇಜಿನ ಕೆಳಗೆ ಮಾರ್ಟಿನ್‌ನ ಚಪ್ಪಲಿ ಅವಳ ಪಾದಕ್ಕೆ ಮೆಲ್ಲಗೆ ತಾಗಿತು.

"ಕೇಳಿ ಸರ್," ಎಂದ ಮಾರ್ಟಿನ್.

ಉಮಾಶಂಕರ್ ಬೇಲೂರಿನ ಆ ಕುರ್ಚಿಗೆ ಬಂದು ನಾಲ್ಕೇ ದಿನವಾಗಿತ್ತು. ವಿಚಾರಣೆಯ ದಿನ ಮೊದಲೇ ಗೊತ್ತಾಗಿದ್ದರೂ ಫೈಲು ಹಾಸನದಿಂದ ಬಂದದ್ದು ಅಂದು ಬೆಳಿಗ್ಗೆ. ಗುಮಾಸ್ತ ಗಂಗಾಧರಯ್ಯ ತಂದಿಟ್ಟ ಆ ದಪ್ಪ ಕಟ್ಟಿನಲ್ಲಿ ಅವರು ಓದಿದ್ದು ಮೇಲಿನ ಹಾಳೆಯೊಂದನ್ನೇ: 'ಎಂ. ವಿಲ್ಸನ್, ಬಸ್ತಿಹಳ್ಳಿ. ವಿಷಯ: ಭಾರತೀಯ ಪೌರತ್ವ.' ಗೋಡೆಯ ಮೇಲೆ ಸ್ವಾತಂತ್ರ್ಯದ ಐವತ್ತನೇ ವರ್ಷದ ಕ್ಯಾಲೆಂಡರ್ ತೂಗುತ್ತಿತ್ತು. ಇಂಥ ವರ್ಷದಲ್ಲಿ ಒಬ್ಬ ಬಿಳಿಯ ಬಂದು ನಮ್ಮ ದೇಶದವನಾಗುತ್ತೇನೆ ಅನ್ನುವುದು ಅವರಿಗೆ ಒಳಗೊಳಗೇ ಖುಷಿ ಕೊಟ್ಟಿತ್ತು. ಸುಲಭವಾಗಿ ಬಿಡಬಾರದು ಅಂತಲೂ ಅನ್ನಿಸಿತ್ತು.

ಆ ದಂಪತಿ ಮಾತ್ರ ಬೆಳಿಗ್ಗೆ ತಿಂಡಿಯನ್ನೂ ಬಿಟ್ಟು ಬಂದಿದ್ದರು. ವರ್ಷವರ್ಷವೂ ವೀಸಾ, ವರ್ಷವರ್ಷವೂ ಪೊಲೀಸ್ ಕಚೇರಿಯ ಮುಂದೆ ಕಾಯುವುದು. ಹೋದ ವರ್ಷ ಕಾಗದ ಬರಲು ತಡವಾದಾಗ, "ದೇಶ ಬಿಡಬೇಕಾಗಬಹುದು" ಎಂದು ಯಾರೋ ತಣ್ಣಗೆ ಹೇಳಿದ್ದರು. ಅಂದಿನಿಂದ ಮನೆಯಲ್ಲಿ ಪಾಠ. ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು.

"ಇದನ್ನ ಓದಿ." ಉಮಾಶಂಕರ್ ದಿನಪತ್ರಿಕೆ ಸರಿಸಿದರು.

ಮಾರ್ಟಿನ್ ನೀರು ಕುಡಿದಂತೆ ಓದಿದ.

"ಒಬ್ಬಟ್ಟಿಗೂ ಹೋಳಿಗೆಗೂ ಏನು ವ್ಯತ್ಯಾಸ?"

"ಬಡಿಸೋರ ಬಾಯಲ್ಲಿ ವ್ಯತ್ಯಾಸ ಸರ್. ತಿನ್ನೋರ ಬಾಯಲ್ಲಿ ಎರಡೂ ಒಂದೇ."

"ಒಂದು ಗಾದೆ ಹೇಳಿ."

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ."

ಬಾಗಿಲ ಬಳಿ ನಿಂತಿದ್ದ ಗಂಗಾಧರಯ್ಯನವರಿಗೆ ಕೆಮ್ಮು ಬಂತು. ಉಮಾಶಂಕರ್ ಮುಖ ಬಿಗಿಯಿತು. ಅವರು ಅರಸೀಕೆರೆ ಕಡೆಯ ತೆಂಗಿನ ತೋಟದವರು. ಕೊನೆಯ ಬಾಣ ಅಲ್ಲಿಂದಲೇ ಬಂತು.

"ಆಯ್ತು. ತೆಂಗಿನಕಾಯಿ ಕೊಬ್ಬರಿ ಆಗೋಕೆ ಎಷ್ಟು ದಿನ ಬೇಕು?"

ಅಲ್ಲಿಯವರೆಗೆ ತಡವರಿಸದ ಮಾರ್ಟಿನ್ ತಲೆ ಕೆರೆದುಕೊಂಡ. ಹೆಂಡತಿಯ ಕಡೆ ಒಮ್ಮೆ ನೋಡಿದ.

"ಒಂದು... ಆರು ತಿಂಗಳು?"

"ಆರು ತಿಂಗಳಿಗೆಲ್ಲಿ ಆಗುತ್ತೆ ಕಣ್ರೀ!" ಮಾಲಿನಿಗೆ ತಡೆಯಲಾಗಲಿಲ್ಲ. "ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳಾದ್ರೂ ಇರಬೇಕು ಸರ್. ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಒಳಗೆ ಲೊಡಲೊಡ ಅನ್ನಬೇಕು. ಅವಸರ ಮಾಡಿ ಒಡೆದ್ರೆ ಕಾಯೂ ಇಲ್ಲ, ಕೊಬ್ಬರೀನೂ ಇಲ್ಲ."

ಉಮಾಶಂಕರ್ ಮೇಜು ಗುದ್ದಿ ನಕ್ಕರು. "ನೋಡಿದ್ರಾ ಮಿಸ್ಟರ್ ವಿಲ್ಸನ್? ಇವರು ನಮ್ಮವರು! ಈ ಮಾತು ಪುಸ್ತಕ ಓದಿದರೆ ಬರಲ್ಲ. ಈ ನೆಲದಲ್ಲಿ ಹುಟ್ಟಿದವರಿಗೆ ಮಾತ್ರ ಬರುತ್ತೆ."

ಮಾಲಿನಿ ತಲೆ ತಗ್ಗಿಸಿದಳು.

"ತೌರುಮನೆ ಯಾವ ಕಡೆಯಮ್ಮ?"

"ದೂರ ಸರ್. ನೀರು ದಾಟಿ ಹೋಗಬೇಕು."

ಹೇಮಾವತಿಯ ಆಚೆ ದಡವಿರಬೇಕು ಎಂದುಕೊಂಡು ಉಮಾಶಂಕರ್ ತಲೆಯಾಡಿಸಿದರು. "ನೀವೇ ಹೇಳಿ ತಾಯಿ. ಇವರನ್ನ ನಂಬಬಹುದಾ?"

"ಹದಿನೈದು ವರ್ಷದಿಂದ ನಂಬಿದ್ದೀನಿ ಸರ್. ನನ್ನೋರನ್ನೆಲ್ಲ ಬಿಟ್ಟು ಬಂದದ್ದೇ ಆ ನಂಬಿಕೆ ಮೇಲೆ."

ಉಮಾಶಂಕರ್ ಕರಗಿಹೋದರು. ಹಸಿರು ಶಾಯಿಯ ಪೆನ್ನು ತೆಗೆದು, ಗಂಗಾಧರಯ್ಯನವರಿಗೂ ಕೇಳಲೆಂದು ಗಟ್ಟಿಯಾಗಿ ಓದುತ್ತಾ ಬರೆದರು: "ಅರ್ಜಿದಾರರನ್ನು ಖುದ್ದಾಗಿ ವಿಚಾರಿಸಲಾಯಿತು. ಕನ್ನಡ ಚೆನ್ನಾಗಿ ಬಲ್ಲರು. ಊರಿನವರೊಂದಿಗೆ ಬೆರೆತು ಬಾಳುತ್ತಿದ್ದಾರೆ. ಪೌರತ್ವ ನೀಡಲು ಶಿಫಾರಸು ಮಾಡಿದೆ."

ಸಹಿ ಬಿತ್ತು. ಸೀಲೂ ಬಿತ್ತು.

"ಕೊಬ್ಬರಿಯದೊಂದು ಮಾಫಿ ಮಾಡಿದ್ದೀನಿ," ಎಂದು ನಗುತ್ತಾ ಅವರು ಫೈಲು ಮುಂದೆ ತಳ್ಳಿದರು. "ಇಲ್ಲಿ ಅರ್ಜಿದಾರರ ಸಹಿ."

ಮಾರ್ಟಿನ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಮಾಲಿನಿ ಪೆನ್ನಿಗೆ ಕೈ ಚಾಚಿದಳು.

"ನೀವಲ್ಲಮ್ಮ. ಅರ್ಜಿದಾರರು ಹಾಕಬೇಕು."

"ಇವರಪ್ಪ ಅರಸೀಕೆರೆಯಲ್ಲಿ ರೈಲು ಇಂಜಿನ್ ಡ್ರೈವರ್ ಆಗಿದ್ರು ಸರ್. ಇವರು ಹುಟ್ಟಿದ್ದು ಅಲ್ಲೇ, ರೈಲ್ವೆ ಕ್ವಾರ್ಟರ್ಸ್‌ನಲ್ಲಿ," ಎನ್ನುತ್ತಾ ಮಾಲಿನಿ ವಿಲ್ಸನ್ ಸಹಿ ಹಾಕಿದಳು. "ಕೊಲಂಬೊದಿಂದ ಬಂದವಳು ನಾನು."