ಒಂದು ಅಕ್ಷರವೂ ಇಲ್ಲ

ಬಿಳಿ ಕ್ಯಾನ್ವಾಸಿನ ಮೇಲೆ ಕಪ್ಪು ಬಣ್ಣದಲ್ಲಿ ಒಂದೇ ಒಂದು ವಾಕ್ಯ. ಅವನ ಕಲೆಯೆಂದರೆ ಅಷ್ಟೇ. ವಾಕ್ಯಗಳೆಲ್ಲ ಮನೆಯಲ್ಲಿ ಹೆಂಡತಿ ಆಡಿದವು. ‘ಇವತ್ತೂ ಹಾಲು ಒಡೆದುಹೋಯ್ತು’ ಎಂಬುದು ಮೊದಲ ಸಲ ಹರಾಜಾದಾಗ ಅವಳೂ ನಕ್ಕಿದ್ದಳು.

ಆಮೇಲೊಂದು ದಿನ ಹರಾಜಿನ ಕೆಟಲಾಗಿನಲ್ಲಿ ಅವಳು ಓದಿದಳು: ‘ಆ ತೊಟ್ಟಿಲು ವಾಪಸ್ ಕೊಟ್ಟು ಬನ್ನಿ.’ ಹೊಟ್ಟೆಯಲ್ಲಿದ್ದ ಮಗು ಹೋದ ದಿನ ಆಸ್ಪತ್ರೆಯ ಮಂಚದಿಂದ ಅವಳು ಹೇಳಿದ್ದ ಮಾತು ಅದು.

“ಇದನ್ನ ನಾನು ನಿಮಗೆ ಹೇಳಿದ್ದು. ಊರಿಗಲ್ಲ.”

“ಆಡಿದ ಮೇಲೆ ಮಾತು ಎಲ್ಲರದ್ದು ಕಣೇ. ನೋಡ್ತಿರು, ಇದಕ್ಕೆ ಎಷ್ಟು ಜನ ಕಿತ್ತಾಡ್ತಾರೆ ಅಂತ.”

“ಹಾಗಾದ್ರೆ ಇನ್ನು ನಿಮ್ಮೆದುರು ಬಾಯಿ ಬಿಡಲ್ಲ.”

ಬಿಡಲಿಲ್ಲ. ನಾಲ್ಕು ವರ್ಷ ಕೈಸನ್ನೆಯಲ್ಲೇ ಸಂಸಾರ ಮಾಡಿದಳು. ಅವನ ಬಳಿ ಹರಾಜಿಗಿಡಲು ಏನೂ ಉಳಿಯಲಿಲ್ಲ.

ಕೊನೆಗೆ ಅವನೇ ಬಂದು ಅವಳ ಕೈ ಹಿಡಿದುಕೊಂಡ.

“ನಾಳೆ ನಂದೊಂದು ಹೊಸ ಕೃತಿ ಹರಾಜಿಗಿದೆ. ನೀನೂ ಬಾ. ನಿನ್ನ ಮಾತಿರಲಿ, ಅದರಲ್ಲಿ ಒಂದು ಅಕ್ಷರವೂ ಇಲ್ಲ. ನಿನ್ನಾಣೆ.”

ಅವನ ಕಣ್ಣು ಒದ್ದೆಯಾಗಿತ್ತು. ಮರುದಿನ ದಾರಿಯುದ್ದಕ್ಕೂ ಅವಳ ಕೋಪ ಕರಗುತ್ತ ಹೋಯಿತು. ಹರಾಜು ಮುಗಿದ ಮೇಲೆ ಮೊದಲು ಏನು ಹೇಳಬೇಕೆಂದು ಕೂಡ ಯೋಚಿಸಿಟ್ಟುಕೊಂಡಳು: ‘ನಡೀರಿ, ಮನೆಗೆ ಹೋಗೋಣ. ಹಸಿವಾಗ್ತಿದೆ.’

ಪರದೆ ಸರಿಯಿತು. ಕ್ಯಾನ್ವಾಸ್ ಪೂರ್ತಿ ಬಿಳಿ. ನಿಜಕ್ಕೂ ಒಂದು ಅಕ್ಷರವೂ ಇರಲಿಲ್ಲ. ಅವಳು ಅವನತ್ತ ತಿರುಗಿ, ಮಾತಾಡಲೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಹರಾಜು ಕೂಗುವವನು ಕೃತಿಯ ಹೆಸರು ಓದಿದ: “ನನ್ನ ಹೆಂಡತಿ, ನಾಲ್ಕು ವರ್ಷ.”